ಆಲ್ವಾ ಬೆಕ್ವಿತ್ತನ ಸೀಸೆ

ಆಲ್ವಾ ಬೆಕ್ವಿತ್ ನನ್ನ ಕ್ಷೌರದ ಕುರ್ಚಿಯಲ್ಲಿ ಕೂರುವ ಮೊದಲು ಕೋಟಿನ ಒಳಜೇಬಿನಿಂದ ತನ್ನದೇ ಸೀಸೆ ತೆಗೆದು ಕನ್ನಡಿಯ ಮುಂದೆ ಟಕ್ಕೆಂದು ಇಡುತ್ತಿದ್ದ. ಇಪ್ಪತ್ತಾರು ವರ್ಷ, ಪ್ರತಿ ಶನಿವಾರ. ನನ್ನ ಅಂಗಡಿಯ ಸುಗಂಧದ ನೀರುಗಳೆಲ್ಲ ಆತನಿಗೆ ತೃಣಸಮಾನ. ಗಡ್ಡ ಹೆರೆದ ಮುಖಕ್ಕೆ ವಿಚ್ ಹೇಜಲ್ ಪೊದೆಯಿಂದ ಭಟ್ಟಿ ಇಳಿಸಿದ ನೀರೊಂದೇ ಬೀಳಬೇಕು, ಅದೂ ಆತನೇ ಕಡಿದ ಕೊಂಬೆಗಳದ್ದು.

ಕನೆಕ್ಟಿಕಟ್‌ನ ನಮ್ಮ ಗುಡ್ಡಗಳಲ್ಲಿ, ಉಳಿದ ಗಿಡಗಳೆಲ್ಲ ಎಲೆ ಉದುರಿಸಿ ನಿಂತಾಗ ಹಳದಿ ಎಳೆಗಳಂಥ ಹೂ ಬಿಡುವ ಆ ಪೊದೆಯನ್ನು ಚಳಿಗಾಲವಿಡೀ ಬುಡಕ್ಕೆ ಕಡಿದು ಭಟ್ಟಿಗೆ ಸಾಗಿಸುವುದು ಆತನ ವಂಶದ ಕಸುಬು. ಹೆಗಲು ಬರಿದಾಗಿದ್ದಾಗಲೂ ಹೊರೆ ಹೊತ್ತವನಂತೆ ಬಾಗಿಯೇ ನಡೆಯುತ್ತಿದ್ದ. ಸುಟ್ಟ ಗಾಯ, ಸೊಳ್ಳೆ ಕಡಿತ, ಮೂಲವ್ಯಾಧಿ, ಕೂಸಿನ ಮೈಮೇಲಿನ ಗುಳ್ಳೆ, ಎಲ್ಲಕ್ಕೂ ಅದೇ ನೀರು. ಮುಕ್ಕಾಲು ಪಾಲು ಗುಣವೂ ಆಗುತ್ತಿತ್ತು. ಅನಾಹುತಕ್ಕೆ ಕಾರಣವಾದದ್ದು ಅದೇ.

ಆತನ ಎಡಗಿವಿಯ ಕೆಳಗೆ ಕಡಲೆಕಾಳಿನಷ್ಟು ಹುಣ್ಣು ಮೊದಲು ಕಂಡದ್ದು ನನಗೇ.

“ಮೂರು ತಿಂಗಳಾದ್ರೂ ಮಾಯ್ತಾ ಇಲ್ವಲ್ಲ, ಡಾಕ್ಟರಿಗೆ ತೋರಿಸಿ,” ಎಂದೆ.

“ನೀನು ಗಡ್ಡ ನೋಡ್ಕೊಳ್ಳೋ, ಲೈಮನ್. ಉರೀತಾ ಇದೆ ಅಂದ್ರೆ ಕೆಲಸ ಮಾಡ್ತಾ ಇದೆ ಅಂತ. ಸುರಿ.”

ಸುರಿದೆ. ಮುಂದಿನ ಶನಿವಾರವೂ ಸುರಿದೆ. ಎರಡು ವರ್ಷ ಸುರಿದೆ! ಹುಣ್ಣು ಕೋಟಿನ ಗುಂಡಿಯಗಲವಾಯಿತು, ಅದರ ಅಂಚು ಮಿರುಗತೊಡಗಿತು. ನಾನೆಂಬ ಮೂರ್ಖ ಕತ್ತಿಯನ್ನು ಅದರ ಸುತ್ತ ನಾಜೂಕಾಗಿ ಬಳಸಿ ಒಯ್ಯುವುದನ್ನು ಕಲಿತೆ. ಕೊನೆಗೊಂದು ದಿನ ಹುಣ್ಣಿನಿಂದ ರಕ್ತ ಜಿನುಗಿದಾಗ ನನ್ನ ತಾಳ್ಮೆ ತಪ್ಪಿತು.

“ತೋರಿಸ್ಕೊಂಡು ಬರೋವರೆಗೂ ಈ ಕುರ್ಚೀಲಿ ಕೂರಬೇಡಿ!”

“ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾತಾಡ್ತಿರ್ಲಿಲ್ಲ,” ಎಂದು ಸೀಸೆ ಎತ್ತಿಕೊಂಡು ಹೊರಟುಹೋದ.

ಏಳು ವಾರ ಕಳೆದು ಬಂದಾಗ ಅರ್ಧ ಕಿವಿ ಇರಲಿಲ್ಲ, ಕ್ಯಾನ್ಸರೆಂದು ಕತ್ತರಿಸಿ ತೆಗೆದಿದ್ದರು; ಕತ್ತಿನೊಳಗೂ ಗಂಟುಗಳಿದ್ದವು. ಮೊದಲ ಬೇಸಗೆಯಲ್ಲೇ ಬಂದಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು ಎಂದರಂತೆ ಡಾಕ್ಟರು. ಅದನ್ನೂ ಆತ ನಗುತ್ತಲೇ ಹೇಳಿದ.

“ಅವ್ರಿಗೇನು ಗೊತ್ತು? ಎರಡು ವರ್ಷ ತಡೆದು ನಿಲ್ಲಿಸಿದ್ದು ಇದೇ ನೀರು ಕಣೋ.”

ಆ ಸೀಸೆಯನ್ನು ಗೋಡೆಗೆ ಅಪ್ಪಳಿಸಬೇಕೆನ್ನಿಸಿತು. ಅಪ್ಪಳಿಸಲಿಲ್ಲ. ಹೊಲಿಗೆ ತಪ್ಪಿಸಿ ಗಡ್ಡ ಹೆರೆದೆ. ಕೇಳಿದನೆಂದು ಬಲಗೆನ್ನೆಗೆ ಅದನ್ನೇ ಹಚ್ಚಿದೆ.

ಮಾರ್ಚ್‌ನಲ್ಲಿ ಆತನನ್ನು ಮಣ್ಣು ಮಾಡಿದೆವು. ನೆರೆದವರು ಆತನ ಛಲವನ್ನು ಕೊಂಡಾಡುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಛಲವಂತೆ ಛಲ! ತಮ್ಮ ಕೈಯಾರೆ ಮಾಡಿದ ಒಂದು ಒಳ್ಳೆಯ ವಸ್ತುವಿನ ಮೇಲೆ ಇಡೀ ಬದುಕಿನ ವಿಶ್ವಾಸವಿಟ್ಟ ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಪ್ರಾಮಾಣಿಕರು, ಶ್ರಮಜೀವಿಗಳು, ಯಾರಿಗೂ ಬಗ್ಗದವರು. ನಾವು ಅವರನ್ನು ಮೆಚ್ಚುತ್ತೇವೆ, ಅವರ ಕಥೆ ಹೇಳಿ ನಗುತ್ತೇವೆ, ಎದುರಾಡಲು ಮಾತ್ರ ಸಂಕೋಚಪಡುತ್ತೇವೆ. ಅವರ ಹಠಕ್ಕಿಂತ ನಮ್ಮ ಆ ಹಾಳು ಮರ್ಯಾದೆಯೇ ಅವರನ್ನು ಬೇಗ ಕೊಲ್ಲುತ್ತದೆ.