ಗಾಜು ದಾಟಿ ಬಂದ ಬಿಸಿಲು

ನನ್ನ ತಮ್ಮ ಬೋರ್ಡು ಬರೆಯುವ ಪೇಂಟರ್. ಅವನ ಹೊಟ್ಟೆಯೊಳಗೆ ದುಡಿಯುತ್ತಿರುವುದು ನನ್ನ ಕಿಡ್ನಿ. ಕೊಟ್ಟು ವರ್ಷಗಳಾದರೂ ನಾನು ಹೇಳುವುದು ಹಾಗೆಯೇ: "ನನ್ನ ಕಿಡ್ನಿ ಜೋಪಾನ ಕಣೋ!"

ಅವನ ಮೈ ಅದನ್ನು ಪರಕೀಯವೆಂದು ಕೆಡಿಸದಿರಲು ದಿನವೂ ಗುಳಿಗೆ ನುಂಗಬೇಕು. ಗುಳಿಗೆಗೂ ಬಿಸಿಲಿಗೂ ಆಗಿಬರುವುದಿಲ್ಲ ಎಂದಿದ್ದರು ಡಾಕ್ಟರಮ್ಮ. ಅದಕ್ಕೇ ಅವನು ಏಣಿ ಹತ್ತಿ ಹೊರಗೆ ಬರೆಯುವುದನ್ನು ಬಿಟ್ಟ. ಅಂಗಡಿಗಳ ಒಳಗೆ ಕೂತು, ಮುಂದಿನ ಗಾಜಿನ ಮೇಲೆ ಅಕ್ಷರಗಳನ್ನು ತಿರುಗಿಸಿ ಬರೆಯತೊಡಗಿದ. ಬೀದಿಯಿಂದ ನೋಡಿದರೆ ನೆಟ್ಟಗೆ ಕಾಣುತ್ತವೆ. ಆದರೂ ಅವನ ಮುಖ ಕೆಂಪೇರಿ ಸಿಪ್ಪೆ ಏಳತೊಡಗಿತು. ಒಳಗೆ ಕೂತವನಿಗೆ ಇದೇನು ಗ್ರಹಚಾರ? ನನಗೆ ತಲೆಬುಡ ತಿಳಿಯಲಿಲ್ಲ.

ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದೆ.

"ಗುಳಿಗೆಯ ಅಂಶ ಚರ್ಮದಲ್ಲಿ ಸೇರ್ಕೊಂಡು ಬಿಸಿಲಲ್ಲಿರೋ ಕಣ್ಣಿಗೆ ಕಾಣದ ಬೆಳಕು ಹೀರುತ್ತೆ. ಆಗ ಅಲ್ಲಿರೋ ಆಕ್ಸಿಜನ್ ಕೆರಳಿ ಪ್ರೋಟೀನ್ ಕೆಡಿಸುತ್ತೆ, ರಿಪೇರಿ ಮಾಡೋ ಪ್ರೋಟೀನನ್ನೂ ಬಿಡಲ್ಲ," ಅಂದರು. "ಆ ಬೆಳಕು ಗಾಜು ದಾಟಿ ಬರುತ್ತಮ್ಮ."

ಕಾಯುವ ಗುಳಿಗೆಯೇ ಕೆಡಿಸುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ!

"ಗುಳಿಗೆಯದ್ದೇ ಕಾಟ ಅನ್ನಿಸಿ ಬಿಟ್ಟುಬಿಟ್ಟಿದ್ದೀನಿ," ಎಂದ ತಮ್ಮ, ಮೆಲ್ಲಗೆ.

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಕಿಡ್ನಿ ಹೋಗುತ್ತೆ! ಈಗಲೇ ಶುರು ಮಾಡಿ. ರಕ್ತ ಪರೀಕ್ಷೆ ನೋಡಿ, ಬೇರೆ ಗುಳಿಗೆ ಆಗುತ್ತಾ ಹೇಳ್ತೀನಿ. ಅಲ್ಲೀವರೆಗೂ ಬಿಸಿಲು ತಾಗಬಾರದು."

ರಕ್ತ ಕೊಟ್ಟು, ಅವನು ಅರ್ಧ ಬರೆದಿದ್ದ ಅಂಗಡಿಗೆ ಬಂದೆವು. ಗುಳಿಗೆ ಇನ್ನೂ ಅವನ ಅಂಗೈಯಲ್ಲೇ ಇತ್ತು.

"ಅಕ್ಕ, ನುಂಗಿದ್ರೆ ನನ್ನ ಚರ್ಮ ಹೋಗುತ್ತೆ, ಬಿಟ್ರೆ ನಿನ್ನ ಕಿಡ್ನಿ. ನನಗೊಂದೂ ತೋಚ್ತಿಲ್ಲ."

ನನಗಾದರೂ ಏನು ತೋಚಿತ್ತು, ಮಣ್ಣು! ಬೈಯಲು ಬಾಯಿ ತೆರೆದವಳಿಗೆ ಅಳು ಬಂತು.

"ಅದು ನಿನ್ನ ಕಿಡ್ನಿ ಕಣೋ," ಎಂದೆ. "ನನ್ನದಲ್ಲ. ನುಂಗು."

ನನ್ನ ಮುಖವನ್ನೇ ನೋಡುತ್ತ ನುಂಗಿದ. ನಾನು ದಾರಿಯುದ್ದಕ್ಕೂ ಅವನಿಗೆ ಹಿಡಿದಿದ್ದ ದೊಡ್ಡ ಕರಿ ಕೊಡೆ ಬಿಚ್ಚಿಕೊಂಡು ಹೊರಗೆ ಹೋಗಿ, ಗಾಜಿಗೆ ಬೆನ್ನು ಕೊಟ್ಟು ಬಿಸಿಲಿಗೆ ಅಡ್ಡ ನಿಂತೆ.

"ಡುಮ್ಮಿ ಅಂತ ಆಡ್ಕೋತಿದ್ಯಲ್ಲ, ಈಗ ಅನುಕೂಲ ಆಯ್ತಾ? ಲೈಟ್ ಹಾಕ್ಕೊಂಡು ಬರಿ!"

ಒಳಗೆ ನಕ್ಕ ಸದ್ದು. ಇದು ಎಷ್ಟು ಬಿಸಿಲು ತಡೆಯುತ್ತದೋ, ರಕ್ತ ಏನು ಹೇಳುತ್ತದೋ, ಒಂದೂ ಗೊತ್ತಿರಲಿಲ್ಲ.

"ಅಕ್ಷರ ನೆಟ್ಟಗೆ ಕಾಣ್ತಿದೆಯಾ, ಅಕ್ಕ?"

"ಕಾಣ್ತಿದೆ," ಎಂದೆ. ತಿರುಗಿ ನೋಡಿರಲಿಲ್ಲ, ತಿರುಗಿದರೆ ನೆರಳು ಸರಿಯುತ್ತಿತ್ತು.