ಉಮರಬ್ಬನ ಬುಟ್ಟಿಗೆ ಬಾರದ ಪಚ್ಚಿಲೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆದರೆ ೧೯೫೮ರ ಸೆಪ್ಟೆಂಬರಿನಲ್ಲಿ ನಾನು ಮೊದಲು ಸಿಟ್ಟಾದದ್ದು ಮನುಷ್ಯರ ಮೇಲಲ್ಲ, ಪಚ್ಚಿಲೆಯ ಮೇಲೆ. ಕಡಲಿನ ಬಂಡೆಗೆ ಅಂಟಿಕೊಂಡು ಬೆಳೆಯುವ ಹಸಿರು ಚಿಪ್ಪಿನ ಆ ಬಡಜೀವದ ಮೇಲೆ!

ನಾನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ಪಚ್ಚಿಲೆ ವರ್ಷದ ಯಾವ ಕಾಲದಲ್ಲಿ ಮೈತುಂಬಿಕೊಳ್ಳುತ್ತದೆ, ಯಾವಾಗ ಮರಿ ಮಾಡುತ್ತದೆ ಎಂಬುದು ನಾನು ಆರಿಸಿಕೊಂಡ ವಿಷಯ. ಉಳ್ಳಾಲದ ಉಮರಬ್ಬ ತಿಂಗಳಿಗೊಮ್ಮೆ ಹೊಳೆ ದಾಟಿ ಬಂದು ಇಪ್ಪತ್ತೈದು ಪಚ್ಚಿಲೆ ಕೊಟ್ಟು ಹೋಗುತ್ತಿದ್ದರು. ಮಳೆಗಾಲದಲ್ಲೂ ಕಡಲು ಸ್ವಲ್ಪ ಇಳಿದದ್ದೇ ಬಂಡೆಗೆ ಇಳಿದು ತಂದರು, ಒಂದು ತಿಂಗಳೂ ತಪ್ಪಿಸಲಿಲ್ಲ. ನಾನು ಚಿಪ್ಪು ಬಿಡಿಸಿ, ಮಾಂಸ ತೂಗಿ, ಅದರ ಮೇಲೆ ಒಂದು ತೊಟ್ಟು ಅಯೋಡಿನ್ ಹಾಕುತ್ತಿದ್ದೆ. ಪಚ್ಚಿಲೆ ತನಗೆಂದು ಕೂಡಿಟ್ಟ ಸತ್ವ ಇದ್ದರೆ ಅಲ್ಲಿ ಕಂದುಗೆಂಪು ಬಣ್ಣ ಏಳುತ್ತದೆ.

ಜನವರಿಯಲ್ಲಿ ಬಣ್ಣ ಚೆನ್ನಾಗಿ ಎದ್ದಿತು. ಮೇ ತಿಂಗಳಿಗೆ ಬಣ್ಣ ಮಾಸಿತು, ಮಾಂಸ ಮಾತ್ರ ಮೊಟ್ಟೆಯಿಂದ ಬಿರಿಯುವಂತಿತ್ತು. ಕೂಡಿಟ್ಟದ್ದೆಲ್ಲ ಮೊಟ್ಟೆಯಾಗಿತ್ತು! ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಇನ್ನು ಮಳೆ ಬಿದ್ದು ಮೊಟ್ಟೆಯನ್ನು ಕಡಲಿಗೆ ಬಿಟ್ಟರೆ ಮೈ ಸೊರಗಬೇಕು. ಆದರೆ ಜೂನ್ ಹೋಯಿತು, ಜುಲೈ, ಆಗಸ್ಟ್ ಹೋದವು. ನನ್ನ ಪಚ್ಚಿಲೆಗಳು ತುಂಬಿದ ಹಾಗೆಯೇ ಉಳಿದವು.

ಪ್ರೊಫೆಸರ್ ನಾನು ಬರೆದ ಪಚ್ಚಿಲೆಯ ತೂಕದ ನಕ್ಷೆ ನೋಡಿ ಕನ್ನಡಕ ತೆಗೆದರು. "ಗುಣವತಿ, ನಿಮ್ಮ ಪಚ್ಚಿಲೆ ಹೆರುವುದೇ ಇಲ್ಲವಾ? ಈ ತಿಂಗಳೂ ಹೀಗೇ ಬಂದರೆ ಇದನ್ನು ಬಿಡಿ. ಕಪ್ಪೆಯ ಮೇಲೆ ಬರೆಯಿರಿ."

ಕಪ್ಪೆಯಂತೆ! ಒಂಬತ್ತು ತಿಂಗಳ ಕೆಲಸ ನೀರುಪಾಲಾಗುವುದನ್ನು ನೆನೆದು ಅತ್ತಾವರದ ಬಾಡಿಗೆ ಕೋಣೆಯಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಹೊಳೆದದ್ದು ಒಂದೇ ಮಾತು. ಕಳೆದ ಸಲ ಬಂದ ಚಿಪ್ಪುಗಳ ಮೇಲೆ ಅಕ್ಕಿಕಾಳಿನಷ್ಟು ಮರಿ ಪಚ್ಚಿಲೆಗಳು ಅಂಟಿದ್ದವು. ಯಾರೋ ಹೆತ್ತಿದ್ದಾರೆ. ಹಾಗಾದರೆ ಹೆತ್ತವರು ಎಲ್ಲಿ?

ಮರುದಿನವೇ ದೋಣಿ ಹತ್ತಿ ಉಳ್ಳಾಲಕ್ಕೆ ಹೋದೆ. ಉಮರಬ್ಬ ಅದೇ ಈಗ ಬಂಡೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಅಂಗಳದಲ್ಲಿ ಅವರ ಹೆಂಡತಿ ಬೀಫಾತಿಮ್ಮ ಪಚ್ಚಿಲೆ ಆರಿಸುತ್ತಿದ್ದರು. ಎರಡನ್ನು ಕೈಗೆತ್ತಿಕೊಳ್ಳುವುದು, ಒಂದಕ್ಕೊಂದು ತಟ್ಟುವುದು, ಸದ್ದು ಕೇಳುವುದು. ಕೆಲವು ಬುಟ್ಟಿಗೆ, ಉಳಿದವು ಪಕ್ಕದ ರಾಶಿಗೆ. ಬುಟ್ಟಿಯಲ್ಲಿ ಹತ್ತಿದ್ದರೆ ರಾಶಿಯಲ್ಲಿ ನೂರಿತ್ತು.

"ಆ ರಾಶಿ ಎಂತ?" ಎಂದೆ.

"ಅದು ಹೆತ್ತದ್ದು ಟೀಚರ್. ಒಳಗೆ ಬರೀ ನೀರು ಉಂಟು. ಇವರು ವಾಪಸ್ ಕಲ್ಲಿಗೆ ಹಾಕ್ತಾರೆ," ಎಂದರು ಬೀಫಾತಿಮ್ಮ. "ಹೆತ್ತದ್ದನ್ನು ನಾವು ಮಾರುವುದಿಲ್ಲ. ಸ್ವಲ್ಪ ದಿನ ತಿಂದು ಮೈ ಕೂಡ್ಲಿ."

ನನ್ನ ಕೋಪ ನೆತ್ತಿಗೇರಿತು. "ಕಾಕ, ಒಂಬತ್ತು ತಿಂಗಳಿಂದ ನನಗೆ ಆರಿಸಿದ್ದನ್ನೇ ಕೊಟ್ಟಿದ್ದೀರಾ?"

ಉಮರಬ್ಬನ ಮುಖ ಚಿಕ್ಕದಾಯಿತು. "ಮತ್ತೆ? ಟೀಚರಿಗೆ ನೀರಿನ ಪಚ್ಚಿಲೆ ಕೊಡ್ಲಿಕ್ಕೆ ಆಗ್ತದಾ? ಮೂವತ್ತು ವರ್ಷದಲ್ಲಿ ಒಬ್ಬರಿಗೂ ಕೊಟ್ಟವ ಅಲ್ಲ ನಾನು."

ಆ ಮಾತು ಕೇಳಿ ನನಗೇ ನಾಚಿಕೆಯಾಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳು ನಾನೇ. ಪಚ್ಚಿಲೆಯನ್ನು ಇಷ್ಟು ಕೆದಕಿದವಳು, ತಂದುಕೊಡುವವರನ್ನು ಒಂದು ಮಾತು ಕೇಳಿರಲಿಲ್ಲ.

ನೆಲದ ಮೇಲೆಯೇ ಕೂತೆ. "ಬೀಫಾತಿಮ್ಮ, ಮೇ ತಿಂಗಳಲ್ಲಿ ಇಂಥ ರಾಶಿ ಇತ್ತಾ?"

"ಇಲ್ಲಪ್ಪ. ಆಗ ಬಿಸಾಡ್ಲಿಕ್ಕೆ ಸಿಗುವುದೇ ಕಷ್ಟ. ಮೊದಲ ದೊಡ್ಡ ಮಳೆ ಬಂತಲ್ಲ, ಆಮೇಲೆ ಶುರು. ಆಟಿಯಲ್ಲಿ ಅರ್ಧಕ್ಕರ್ಧ. ಈಗ ನೋಡಿ, ಎಲ್ಲಾ ಹೀಗೆ." ಆಟಿ ಎಂದರೆ ಜುಲೈ, ಆಗಸ್ಟಿನ ಮಳೆತಿಂಗಳು. ನಾನು ಬರೆದುಕೊಳ್ಳುತ್ತಲೇ ಹೋದೆ, ಅವರು ತಟ್ಟುತ್ತಲೇ ಇದ್ದರು. ನನ್ನ ನಕ್ಷೆಯಲ್ಲಿ ಇಲ್ಲದ ಇಳಿಜಾರು ಆ ಹೆಂಗಸಿನ ಕೈಯಲ್ಲಿತ್ತು.

ಆದರೆ ಪ್ರೊಫೆಸರಿಗೆ ಬಾಯಿಮಾತು ಸಾಲದು, ಪಚ್ಚಿಲೆಯೇ ಬೇಕು. ಆರಿಸದೆ ಕೈಗೆ ಸಿಕ್ಕಿದ್ದನ್ನು ಕೊಡಿ ಎಂದು ಉಮರಬ್ಬನಿಗೆ ಎಷ್ಟು ಹೇಳಿದರೂ "ನನ್ನಿಂದ ಆಗುವುದಿಲ್ಲ ಟೀಚರ್, ಬೇಜಾರು ಮಾಡ್ಬೇಡಿ" ಎಂದುಬಿಟ್ಟರು. ಬರಿಗೈಯಲ್ಲಿ ದೋಣಿ ಹತ್ತಿದೆ.

ಸೋಮವಾರ ಬೆಳಿಗ್ಗೆ ಕಾಲೇಜಿನ ಹಿಂಬಾಗಿಲಲ್ಲಿ ಉಮರಬ್ಬ ನಿಂತಿದ್ದರು. ಬುಟ್ಟಿಯ ಮೇಲೆ ದಪ್ಪ ಬಟ್ಟೆ ಮುಚ್ಚಿತ್ತು.

"ಅವಳು ಬಿಡ್ಲಿಲ್ಲ ಮಾರಾಯ್ರೆ. ಆರಿಸುವುದಿಲ್ಲ ಅಂತ ಕೂತ್ಲು. ತಗೊಳ್ಳಿ. ಆದರೆ ಇದು ಉಮರಬ್ಬನ ಪಚ್ಚಿಲೆ ಅಂತ ಎಲ್ಲಿಯೂ ಹೇಳ್ಬೇಡಿ."

ಬಿಡಿಸಿದೆ. ಇಪ್ಪತ್ತೈದರಲ್ಲಿ ಇಪ್ಪತ್ತೊಂದರ ಒಳಗೆ ಒದ್ದೆ ಕಾಗದದಂಥ ತೆಳು ಪದರ. ಅಯೋಡಿನ್ ಹಾಕಿದರೆ ಬಣ್ಣ ಏಳಲಿಲ್ಲ. ಮೊಟ್ಟೆಯೂ ಇರಲಿಲ್ಲ. ತನಗೆಂದು ಕೂಡಿಟ್ಟದ್ದರಲ್ಲಿ ಒಂದು ಚೂರನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದವು. ಪ್ರೊಫೆಸರ್ ಎರಡು ಸಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಕಪ್ಪೆಯ ಮಾತೆತ್ತದೆ ಹೋದರು.

ಮರುವರ್ಷ ಇಡೀ ಆರಿಸದ ಪಚ್ಚಿಲೆ ತರಿಸಿ ಪ್ರಬಂಧ ಮುಗಿಸಿದೆ. ಉಮರಬ್ಬ ಪ್ರತಿ ಸಲವೂ ಬಟ್ಟೆ ಮುಚ್ಚಿಕೊಂಡೇ ಬಂದರು. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಬರೆದಿದ್ದೆ, ಎಲ್ಲಿಯೂ ಹೇಳಬೇಡಿ ಎಂದದ್ದು ನೆನಪಾಗಿ ಹೊಡೆದು ಹಾಕಿದೆ. ಆ ಜಾಗದಲ್ಲಿ, "ಒಂದು ವರ್ಷ ಪಚ್ಚಿಲೆ ಆರಿಸದೆ ಕೂತ ಉಳ್ಳಾಲದ ಬೀಫಾತಿಮ್ಮನವರಿಗೆ" ಎಂದು ಬರೆದೆ.