ಕಲ್ಲಿಟ್ಟು ಹೋಗು

ಬಾವಿಗಳ ಹೂಳೆತ್ತುವುದು ಆ ಮನೆಯವರ ಕಸುಬು. ಮಗ ಸೊಂಟಕ್ಕೆ ದಪ್ಪ ಹಗ್ಗ ಕಟ್ಟಿಕೊಂಡು ಕೆಳಗಿಳಿಯುತ್ತಿದ್ದ. ಮೇಲೆ ಇಬ್ಬರು ಆಳುಗಳು ರಾಟೆಯಲ್ಲಿ ಕೆಸರಿನ ಬಕೆಟ್ ಎಳೆಯುತ್ತಿದ್ದರು. ಅವನ ತಾಯಿ ಬಾವಿಕಟ್ಟೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಒಂದು ತೆಳ್ಳನೆಯ ದಾರದ ತುದಿಯನ್ನು ತೋರುಬೆರಳಿಗೆ ಸುತ್ತಿಕೊಂಡಿರುತ್ತಿದ್ದಳು. ಇನ್ನೊಂದು ತುದಿ ಮಗನ ಮಣಿಕಟ್ಟಿನಲ್ಲಿ. ಒಮ್ಮೆ ಜಗ್ಗಿದರೆ ಬಕೆಟ್ ತುಂಬಿತು ಎಂದರ್ಥ. ಎರಡು ಸಲ ಜಗ್ಗಿದರೆ, ನನ್ನನ್ನು ಎಳೆಯಿರಿ ಎಂದು. ಉಳಿದಂತೆ ಅವನು ಗುದ್ದಲಿ ಹಾಕಿದಾಗಲೆಲ್ಲ ದಾರವು ಬೆರಳ ಮೇಲೆ ಇರುವೆ ಹರಿದ ಹಾಗೆ ಮಿಸುಕುತ್ತಿತ್ತು.

ನೋಡುವವರಿಗೆ ಅದು ಕೆಲಸವೇ ಅಲ್ಲ. ಮುದುಕಿ ಸುಮ್ಮನೆ ಕೂತಿದ್ದಾಳೆ, ಮಾತಾಡಿಸೋಣ ಎಂದು ದಾರಿಯಲ್ಲಿ ಹೋಗುವವರೆಲ್ಲ ನಿಲ್ಲುತ್ತಿದ್ದರು. ಅದಕ್ಕೇ ಅವಳು ಬಾವಿಯಿಂದ ದೂರ, ಮರದ ಬುಡದಲ್ಲಿ ಒಂದು ಹಳೆಯ ಬುಟ್ಟಿ ಇಡಿಸುತ್ತಿದ್ದಳು. ಯಾರು ಏನು ಹೇಳಲು ಬಂದರೂ ತಿರುಗಿ ನೋಡದೆ ಒಂದೇ ಮಾತು: "ಕಲ್ಲಿಟ್ಟು ಹೋಗು." ಬಂದವರು ಸಣ್ಣದೊಂದು ಕಲ್ಲು ಹೆಕ್ಕಿ ಬುಟ್ಟಿಗೆ ಹಾಕಿ ಹೋಗಬೇಕು. ಮಗ ಮೇಲೆ ಬಂದ ಮೇಲೆ ಅವಳು ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು, ಅದು ಖಾಲಿಯಾಗುವ ತನಕ ಮನೆಮನೆಗೆ ಹೋಗಿ, "ಏನೋ ಹೇಳೋಕೆ ಬಂದಿದ್ದೆಯಲ್ಲ, ಈಗ ಹೇಳು" ಎಂದು ಕೂರುತ್ತಿದ್ದಳು. ಒಬ್ಬರನ್ನೂ ಮರೆತದ್ದಿಲ್ಲ.

ಅವತ್ತು ಹಿಂದಿನ ಬೀದಿಯ ಬಾವಿಯಲ್ಲಿ ಕೆಲಸ. ಸೊಸೆ ಕುಡಿಯುವ ನೀರು ತಂದಳು. ಮನೆಯಲ್ಲಿ ಊರವರ ಬಟ್ಟೆ ಹೊಲಿಯುವವಳು ಅವಳು. ಬೆಳಗ್ಗಿನಿಂದ ಮುಖ ಊದಿಸಿಕೊಂಡಿದ್ದಳು.

"ಅತ್ತೆ, ನಿಮ್ಮ ಹತ್ರ ಒಂದು ಮಾತಾಡ್ಬೇಕು."

"ಕಲ್ಲಿಟ್ಟು ಹೋಗಮ್ಮ."

"ಮನೆಯವಳಿಗೂ ಕಲ್ಲೇನಾ?"

"ಮನೆಯವಳಲ್ವಾ, ಬೇಕಾದ್ರೆ ದೊಡ್ಡದು ಇಡು."

ಆಳುಗಳು ನಕ್ಕರು. ಸೊಸೆ ತೆಂಗಿನಕಾಯಿಯಷ್ಟು ದೊಡ್ಡ ಕಲ್ಲನ್ನೇ ತಂದು ಬುಟ್ಟಿಗೆ ಧೊಪ್ಪನೆ ಹಾಕಿ, ಹೋಗದೆ ಮರದ ಕೆಳಗೇ ಕೂತಳು.

ಊರಿಗೆಲ್ಲ ಸುದ್ದಿ ಹಂಚುವ ರೇಡಿಯೋ ಬಂದ. ಅವನ ಹೆಸರನ್ನು ಜನ ಮರೆತು ಎಷ್ಟೋ ಕಾಲವಾಗಿತ್ತು. "ದೊಡ್ಡಮ್ಮ, ವಿಷಯ ಗೊತ್ತಾಯ್ತಾ?" ಎಂದ. ಕಲ್ಲಿಟ್ಟ. ಆದರೂ ಆಳುಗಳ ಹತ್ತಿರ ಹೋಗಿ ಶುರು ಹಚ್ಚಿದ. ಅಷ್ಟರಲ್ಲಿ ಮರದ ಕೆಳಗಿದ್ದ ಮುದುಕಿಯ ಚೀಲದೊಳಗೆ ಫೋನ್ ಬಡಿದುಕೊಂಡಿತು. ಸೊಸೆ ತೆಗೆದು ನೋಡಿದಳು.

"ಅತ್ತೆ, ನಿಮ್ಮ ಮಗಳು!"

"ಅವಳ ಹೆಸರಲ್ಲೂ ಒಂದು ಹಾಕು."

ಅದರ ಬೆನ್ನಿಗೇ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತಾ ಬಂದಳು. "ಅಕ್ಕಾ, ನಿಮ್ಮ ಕರು ಹಗ್ಗ ಕಿತ್ಕೊಂಡು ನನ್ನ ಸೊಪ್ಪಿನ ಮಡಿಗೆ ನುಗ್ಗಿದೆ! ಹೊಸ ಅಳಿಯನ ಹಾಗೆ ಹಾಯಾಗಿ ನಿಂತು ತಿಂತಾ ಇದೆ!"

"ಕಲ್ಲಿಟ್ಟು ಹೋಗೇ."

"ಕಲ್ಲಿಟ್ರೆ ಕರು ಬಾಯಿ ಮುಚ್ಚುತ್ತಾ? ಏನು ಹೆಂಗಸಪ್ಪ ಇವಳು! ಊರಿಗೆ ಬೆಂಕಿ ಬಿದ್ರೂ ದಾರ ಹಿಡ್ಕೊಂಡು ಕೂತಿರ್ತಾಳೆ."

ರೇಡಿಯೋ ಅದಕ್ಕೊಂದು ಒಗ್ಗರಣೆ ಹಾಕಿದ. ಆಳುಗಳೂ ದನಿಗೂಡಿಸಿದರು. ಕರು ಹಿಡಿಯೋಣವೆಂದು ಎದ್ದ ಸೊಸೆ ಅತ್ತೆಯ ಮುಖ ನೋಡಿ ಅಲ್ಲೇ ನಿಂತಳು. ಮುದುಕಿ ತನ್ನ ಬೆರಳನ್ನೇ ನೋಡುತ್ತಿದ್ದಳು. ಅದರ ಮೇಲಿನ ದಾರ ಮಿಸುಕುತ್ತಿರಲಿಲ್ಲ.

ಅವಳು ಮೆಲ್ಲಗೆ ಒಮ್ಮೆ ಜಗ್ಗಿದಳು. ಕೆಳಗಿನಿಂದ ಉತ್ತರವಿಲ್ಲ.

"ಎಳೀರಿ," ಎಂದಳು.

"ಬಕೆಟ್ ಇನ್ನೂ ತುಂಬಿಲ್ಲ ಅಮ್ಮಾ..."

"ಬಕೆಟ್ ಅಲ್ರೋ, ಅವನನ್ನ!"

ಆಳುಗಳು ಮಗನ ಸೊಂಟದ ಹಗ್ಗ ಎಳೆಯತೊಡಗಿದರು. ಸೊಸೆ ಓಡಿಬಂದು ಕೈ ಹಾಕಿದಳು, ಪಕ್ಕದ ಮನೆಯಾಕೆಯೂ ಹಾಕಿದಳು. ಮಗ ಮೇಲೆ ಬಂದಾಗ ಕತ್ತು ಜೋತುಬಿದ್ದಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಾಳಿಗೆ ಮಲಗಿಸಿ ಮುಖಕ್ಕೆ ನೀರು ಹಾಕಿದರು. ಸ್ವಲ್ಪ ಹೊತ್ತಿಗೆ ಅವನು ಕೆಮ್ಮಿ ಕಣ್ಣು ಬಿಟ್ಟ.

"ಕೆಳಗೆ ಗಾಳಿ ಕೆಟ್ಟಿತ್ತಮ್ಮ. ದಾರ ಜಗ್ಗೋಣ ಅಂದ್ಕೊಂಡೆ, ಕೈಯೇ ಏಳಲಿಲ್ಲ."

"ಆಯ್ತು, ಮಾತಾಡ್ಬೇಡ," ಎಂದಳು ತಾಯಿ. ಆಗಲೇ ಸೊಸೆ ನೋಡಿದ್ದು: ದಾರ ಸುತ್ತಿದ್ದ ಆ ಬೆರಳೊಂದನ್ನು ಬಿಟ್ಟು ಅತ್ತೆಯ ಇಡೀ ಮೈ ನಡುಗುತ್ತಿತ್ತು.

ಅವನನ್ನು ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಮನೆಗೆ ತಂದು ಮಲಗಿಸಿದ್ದಾಯಿತು. ಇವತ್ತು ಇವಳಿಗೆ ಬೇರೆ ಯಾವುದೂ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದರು ಎಲ್ಲರೂ. ಸಂಜೆ ಮುದುಕಿ ಬುಟ್ಟಿ ಹಿಡಿದು ಹೊರಟೇಬಿಟ್ಟಳು. ಪಕ್ಕದ ಮನೆಯಲ್ಲಿ ತಪ್ಪಾಯಿತೆಂದು ಹೇಳಿ, ಮಡಿಗೆ ಹೊಸ ಬೀಜ ತಾನೇ ಬಿತ್ತಿಕೊಡುವುದಾಗಿ ಒಪ್ಪಿದಳು. ಮಗಳಿಗೆ ಫೋನ್ ಮಾಡಿದಳು. ರೇಡಿಯೋನ ಜಗಲಿಯ ಮೇಲೆ ಕೂತು, ಯಾರದೋ ಮನೆಯ ಬೆಕ್ಕು ಮರಿ ಹಾಕಿದ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಹೂಂಗುಟ್ಟುತ್ತಾ ಕೇಳಿದಳು. ಕೊನೆಗೆ ದೊಡ್ಡ ಕಲ್ಲನ್ನು ತಂದು ಸೊಸೆಯ ಮುಂದಿಟ್ಟಳು.

"ಹೇಳು."

"ಬಿಡಿ ಅತ್ತೆ. ಇವತ್ತು ನೀವಿಲ್ಲದಿದ್ರೆ..."

"ಅದು ಇವತ್ತಿನ ಮಾತು. ಕಲ್ಲಿನ ಮಾತು ಹೇಳು."

ಸೊಸೆ ತಲೆ ತಗ್ಗಿಸಿದಳು. "ನಾನು ಹೊಲಿಗೆಗೆ ಕೂತ್ರೆ ಸಾಕು, ನೂರು ಸಲ ಕರೀತೀರಿ. ಬೆಂಕಿಪೊಟ್ಟಣ ಎಲ್ಲಿ ಅಂತೀರಿ, ಬಾಗಿಲಲ್ಲಿ ಯಾರು ಅಂತೀರಿ. ನಿನ್ನೆ ಎಡದ ತೋಳು ಬಲಕ್ಕೆ ಹೊಲಿದು, ಎಲ್ಲಾ ಬಿಚ್ಚಬೇಕಾಯ್ತು. ಕೂತು ಮಾಡೋದು ಅಂದ್ರೆ ಕೆಲಸ ಅಲ್ವಾ ಅತ್ತೆ?"

ಹೊರಗಿನಿಂದ ಯಾರೋ ಕೂಗಿದರು. ಮುದುಕಿ ತಿರುಗಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಾ, "ಹೂಂ" ಎಂದಳು. ಅಷ್ಟೇ.

ಮರುದಿನ ಬೆಳಗ್ಗೆ ಹೊಲಿಗೆ ಯಂತ್ರದ ಪಕ್ಕದಲ್ಲಿ ಆ ಬುಟ್ಟಿ ಇತ್ತು, ತೊಳೆದು ಒಣಗಿಸಿದ್ದು. ಸೊಸೆ ಕೂತಳು. ಸ್ವಲ್ಪ ಹೊತ್ತಿಗೆ ಅತ್ತೆ ಹೊಸ್ತಿಲಿಗೆ ಬಂದಳು. "ಏನೇ, ಆ ಜರಡಿ..." ಎಂದವಳು ನಾಲಿಗೆ ಕಚ್ಚಿಕೊಂಡು ಅಂಗಳಕ್ಕೆ ಹೋಗಿ, ಒಂದು ಕಲ್ಲು ತಂದು ಸದ್ದಾಗದಂತೆ ಬುಟ್ಟಿಯಲ್ಲಿಟ್ಟು ಹೋದಳು. ಆಮೇಲೆ ಇನ್ನೊಂದು. ಮತ್ತೂ ಒಂದು. ಸೊಸೆ ತಲೆಯೆತ್ತಲಿಲ್ಲ.

ಎರಡೂ ತೋಳು ಕೂಡಿಸಿ, ದಾರ ಕತ್ತರಿಸಿದ ಮೇಲೆ ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು.

"ಜರಡಿ ಅಟ್ಟದ ಮೇಲಿದೆ ಅತ್ತೆ. ಉಳಿದ ಕಲ್ಲುಗಳ ಮಾತು ಏನು?"

"ಉಳಿದದ್ದೂ ಜರಡೀದೇ ಕಣೇ," ಎಂದಳು ಅತ್ತೆ.